ಹೆಸರು ಮುಚ್ಚಿ ಓದಿದ ವರ್ಷ

ಕಳೆದ ವಾರ ನಮ್ಮ ಕಟ್ಟಡದ ನೆಲಮಾಳಿಗೆಗೆ ಬಟ್ಟೆ ಒಗೆಯಲು ಹೋಗಿದ್ದೆ. ಸ್ವೀಡನ್ನಿನ ಮಾಲ್ಮೋದಲ್ಲಿ ನಾವಿರುವ ಫ್ಲ್ಯಾಟಿನಲ್ಲಿ ಸ್ವಂತ ವಾಷಿಂಗ್ ಮಷೀನ್ ಇಲ್ಲ. ಇಡೀ ಕಟ್ಟಡಕ್ಕೆ ಒಂದೇ ಕೋಣೆ, ಮೊದಲೇ ಹೊತ್ತು ಗೊತ್ತು ಮಾಡಿಕೊಂಡು ಸರದಿಯಲ್ಲಿ ಹೋಗಬೇಕು. ನನಗಿಂತ ಮುಂಚೆ ಬಂದವರು ಬಟ್ಟೆ ಒಣಗಿಸುವ ಬೀರುವಿನಲ್ಲಿ ಮಕ್ಕಳ ಉಣ್ಣೆಯ ಕೈಗವಸುಗಳನ್ನು ಮರೆತು ಹೋಗಿದ್ದರು. ಬಾಗಿಲು ತೆಗೆದದ್ದೇ ತಡ, ಬಿಸಿಗಾಳಿಯ ಜತೆ ಒದ್ದೆ ಉಣ್ಣೆಯ ವಾಸನೆ ಮುಖಕ್ಕೆ ರಾಚಿತು. ಕುರಿಯ ಮೈವಾಸನೆ, ಕರಗಿದ ಹಿಮ, ಒಂದಿಷ್ಟು ಮಣ್ಣು ಎಲ್ಲ ಕಲಸಿದ ವಾಸನೆ. ಬುಟ್ಟಿ ಕೆಳಗಿಟ್ಟು ಹಾಗೇ ನಿಂತುಬಿಟ್ಟೆ. ಅದು ಸ್ಯಾಂಡ್‌ವಿಕೆನ್‌ನ ಆ ಶಾಲೆಯ ಕಾರಿಡಾರಿನ ವಾಸನೆ. ಮೂರು ವರ್ಷದ ಹಿಂದೆ ಅಲ್ಲಿ ಕಳೆದ ಒಂದು ಶಾಲಾವರ್ಷ, ಆಗಸ್ಟಿನಿಂದ ಜೂನ್ ತನಕ, ಸಾಲಾಗಿ ಕಣ್ಮುಂದೆ ಬಂತು.

ನಾನು ಕುಂದಾಪುರದ ಕಡೆಯವಳು. ಊರಿನ ಹತ್ತಿರದ ಹೈಸ್ಕೂಲಿನಲ್ಲಿ ಏಳು ವರ್ಷ ಗಣಿತ ಕಲಿಸಿದ್ದೆ. ನನ್ನ ಗಂಡ ರಮೇಶ ಮೆಷಿನ್ ಟೂಲ್ ಕೆಲಸ ಬಲ್ಲವರು. ಸ್ಯಾಂಡ್‌ವಿಕೆನ್ ಉಕ್ಕಿನ ಊರು, ಅವರಿಗೆ ಅಲ್ಲಿ ಕೆಲಸ ಸಿಕ್ಕಿದಾಗ ನಮ್ಮ ಮಗಳು ಮೇಘಾಗೆ ಎರಡು ವರ್ಷ. ಅವಳು ಅಲ್ಲಿನ ದಾಗಿಸ್‌ಗೆ, ಅಂದರೆ ನಮ್ಮ ಅಂಗನವಾಡಿಯಂಥ ಶಿಶುವಿಹಾರಕ್ಕೆ ಹೋಗಿ, ಕನ್ನಡದಲ್ಲಿ ಪೂರ್ತಿ ವಾಕ್ಯ ಆಡುವ ಮೊದಲೇ ಸ್ವೀಡಿಶ್‌ನಲ್ಲಿ ಜಗಳ ಆಡಲು ಕಲಿತಳು. ನಾನು ಏನು ಕೇಳಿದರೂ ಉತ್ತರ ಬರುತ್ತಿದ್ದದ್ದು ಸ್ವೀಡಿಶ್‌ನಲ್ಲೇ. ಕನಸಿನಲ್ಲಿ ಕನವರಿಸುತ್ತಿದ್ದದ್ದೂ ಅದರಲ್ಲೇ.

ಮೇಘಾ ನಾಲ್ಕನೇ ತರಗತಿಗೆ ಹೊಸ ಶಾಲೆ ಸೇರಿದ ವರ್ಷವೇ ನನಗೂ ಅದೇ ಶಾಲೆಯಲ್ಲಿ ಕೆಲಸ ಸಿಕ್ಕಿತು. ಟೀಚರ್ ಕೆಲಸ ಅಲ್ಲ. ನನ್ನ ಭಾರತದ ಪದವಿಯ ಕಾಗದಪತ್ರ ಇನ್ನೂ ಪರಿಶೀಲನೆಯಲ್ಲಿತ್ತು. ಅಲ್ಲಿಯ ತನಕ ತರಗತಿಯಲ್ಲಿ ಸಹಾಯಕಿಯಾಗಿ, ಜೂನ್‌ವರೆಗಿನ ತಾತ್ಕಾಲಿಕ ಒಪ್ಪಂದದ ಮೇಲೆ ತೆಗೆದುಕೊಂಡರು. "ಆಮೇಲೆ ನೋಡೋಣ," ಎಂದರು ರೆಕ್ಟರ್, ಅಂದರೆ ನಮ್ಮ ಹೆಡ್‌ಮಿಸ್. ಆ ದೇಶದಲ್ಲಿ "ನೋಡೋಣ" ಅಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ನಾನು ತಲೆಯಾಡಿಸಿದೆ.

ಮೊದಲ ದಿನವೇ ಕಂಡವಳು ಫಾದುಮೊ. ಶಾಲೆ ಬಿಟ್ಟ ಮೇಲೆ, ತಂದೆತಾಯಿ ಬರುವ ತನಕ ಮಕ್ಕಳನ್ನು ನೋಡಿಕೊಳ್ಳುವ ವಿಭಾಗ ಅವಳದು. ಮೂವತ್ತರ ಹರೆಯ, ಎತ್ತರದ ಹೆಣ್ಣು, ತಲೆಗೆ ಸದಾ ಗಾಢ ಬಣ್ಣದ ವಸ್ತ್ರ, ಕೊರಳಲ್ಲಿ ಸೀಟಿ. ಅವಳ ಅಪ್ಪ ಅಮ್ಮ ಸೊಮಾಲಿಯಾದಿಂದ ಬಂದವರು. ಅವಳು ಹುಟ್ಟಿದ್ದು ಪಕ್ಕದ ಯೆವ್ಲೆ ಊರಿನಲ್ಲಿ, ಓದಿದ್ದು ಇದೇ ಶಾಲೆಯಲ್ಲಿ. ಆ ದಿನ ಒಣಗಿಸುವ ಬೀರುವಿನ ಮುಂದೆ ಕೂತು, ಪೆಟ್ಟಿಗೆಯೊಂದರಲ್ಲಿದ್ದ ಕೈಗವಸು, ಟೋಪಿ, ಉಣ್ಣೆಯ ಕಾಲುಚೀಲಗಳಿಂದ ಹಳೆಯ ಹೆಸರಿನ ಚೀಟಿಗಳನ್ನು ಕತ್ತರಿಯಿಂದ ಬಿಡಿಸುತ್ತಿದ್ದಳು.

"ಯಾಕೆ ಕೀಳ್ತಿದ್ದೀಯ? ಕಳೆದುಹೋಗಲ್ವಾ?" ಕೇಳಿದೆ.

"ಇದೆಲ್ಲ ಒಂದು ಕಾಲದಲ್ಲಿ ಯಾರದ್ದೋ ಆಗಿತ್ತು. ಈಗ ಎಲ್ಲರದ್ದು," ಎಂದಳು. "ಹೆಸರಿದ್ದರೆ ಅದು ದಾನ ಆಗುತ್ತೆ. ಹೆಸರಿಲ್ಲದಿದ್ದರೆ ಬರೀ ಕೈಗವಸು."

ನಾನು ನಕ್ಕೆ. ಒಳ್ಳೆಯವಳು, ಸ್ವಲ್ಪ ಅತಿ ಅಂದುಕೊಂಡೆ.

ಸೆಪ್ಟೆಂಬರಿನಲ್ಲಿ ಮನೆಗೊಂದು ಕಾಗದ ಬಂತು. ಮೇಘಾಳನ್ನು ಸ್ವೀಡಿಶ್ ಪಾಠದ ಹೊತ್ತಿಗೆ ಎರಡನೇ ಭಾಷೆಯಾಗಿ ಸ್ವೀಡಿಶ್ ಕಲಿಯುವ ಗುಂಪಿಗೆ ಹಾಕಲಾಗಿದೆ, ಸಹಿ ಮಾಡಿ ಕಳಿಸಿ ಎಂದು. ಆ ಗುಂಪು ಕೂರುತ್ತಿದ್ದದ್ದು ಝೆರಾಕ್ಸ್ ಮಷೀನಿನ ಪಕ್ಕದ ಪುಟ್ಟ ಕೋಣೆಯಲ್ಲಿ. ಮಕ್ಕಳು ಅದಕ್ಕೆ ಚಿಕ್ಕ ಕೋಣೆ ಅನ್ನುತ್ತಿದ್ದರು. ಕಾಗದ ಓದದೆಯೇ ಸಹಿ ಹಾಕಿದೆ. ಸರಕಾರಿ ಕಾಗದ ಅಂದರೆ ಸಹಿ ಹಾಕುವುದಕ್ಕೇ ಬಂದದ್ದು ಎಂಬ ನಂಬಿಕೆ ನಮ್ಮ ರಕ್ತದಲ್ಲಿದೆ.

ಎರಡು ವಾರ ಕಳೆದ ಮೇಲೆ ಮೇಘಾ ಊಟದ ತಟ್ಟೆಯ ಮುಂದೆ ಕೂತು, ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು. "ಅಮ್ಮ, ನಾನು ಮಾತಾಡೋ ಸ್ವೀಡಿಶ್ ತಪ್ಪಾ?"

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಲಿನ್ನೆಯಾ ಕ್ಲಾಸಲ್ಲೇ ಇರ್ತಾಳೆ, ನಾನು ಎದ್ದು ಹೋಗ್ಬೇಕು. ನಾವಿಬ್ರೂ ಒಂದೇ ತರ ಮಾತಾಡೋದು."

ರಮೇಶರಿಗೆ ಹೇಳಿದೆ. ಅವರು ಸಾರು ಬಡಿಸಿಕೊಳ್ಳುತ್ತಾ, "ಸುಮ್ನಿರು ಮಾರಾಯ್ತಿ. ಹೆಚ್ಚಿಗೆ ಪಾಠ ಕೊಡ್ತಾರೆ ಅಂದ್ರೆ ಲಾಭವೇ. ಹೊರಗಿಂದ ಬಂದವರು ನಾವು, ಮೊದಲ ತಿಂಗಳಲ್ಲೇ ತಕರಾರು ತೆಗೆದ್ರೆ ನಿನ್ನ ಕೆಲಸಕ್ಕೇ ಕುತ್ತು," ಎಂದರು.

ಆ ಮಾತು ನನಗೂ ಅನುಕೂಲವಾಗಿತ್ತು. ಸುಮ್ಮನಾದೆ.

ನವೆಂಬರ್ ಬಂತು. ಸ್ಯಾಂಡ್‌ವಿಕೆನ್‌ನಲ್ಲಿ ಆ ತಿಂಗಳು ಬೆಳಕೆಂಬುದು ಕಾರ್ಖಾನೆಯ ಪಾಳಿಯ ಹಾಗೆ: ತಡವಾಗಿ ಬರುತ್ತದೆ, ಬೇಗ ಹೊರಡುತ್ತದೆ. ಮಧ್ಯಾಹ್ನ ಮೂರಕ್ಕೆಲ್ಲ ದೀಪ ಹಚ್ಚಬೇಕು. ಅಂಥ ಒಂದು ಮಧ್ಯಾಹ್ನ ಆಟದ ಅಂಗಳದ ಕಾವಲಿಗೆ ನಾನೂ ಫಾದುಮೊಳೂ ನಿಂತಿದ್ದೆವು. ಅವಳು ಸೀಟಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು.

"ವಸಂತಿ, ಚಿಕ್ಕ ಕೋಣೆಗೆ ಹೋಗೋ ಮಕ್ಕಳ ಹೆಸರು ಹೇಳು ನೋಡೋಣ."

ಹೇಳಿದೆ. ರಹಫ್, ಯೂಸುಫ್, ಮೇಘಾ, ಅರ್ದಿತ್, ಹೀಗೆ ಒಂಬತ್ತು ಹೆಸರು.

"ಹೋಗದವರದ್ದು?"

ಲಿನ್ನೆಯಾ, ಎಲ್ಸಾ, ವಿಲ್ಲೆ... ಹೇಳುತ್ತಾ ಹೇಳುತ್ತಾ ನನ್ನ ಬಾಯಿ ತಾನಾಗಿ ನಿಂತಿತು.

"ರಹಫ್ ಬಂದು ಒಂದು ವರ್ಷ ಆಯ್ತಷ್ಟೆ, ಅವಳಿಗೆ ಬೇಕು," ಎಂದಳು ಫಾದುಮೊ. "ಅರ್ದಿತ್ ಹುಟ್ಟಿದ್ದು ಇಲ್ಲೇ. ನಿನ್ನ ಮಗಳು ದಾಗಿಸ್‌ನಿಂದ ಇಲ್ಲೇ. ಮಗುವಿನ ಭಾಷೆ ನೋಡಿ ನಿರ್ಧಾರ ಮಾಡ್ಬೇಕು ಅಂತ ನಿಯಮ. ಯಾರಾದ್ರೂ ನೋಡಿದ್ರಾ? ಮನೆ ಭಾಷೆಯ ಕಾಲಂ ನೋಡಿದ್ರು, ಹೆಸರು ನೋಡಿದ್ರು, ಪಟ್ಟಿ ಮಾಡಿದ್ರು."

ಆಗ ನನ್ನ ಕಣ್ಣೆದುರು ಬಂದದ್ದು ಸ್ವೀಡನ್ನಿನ ಕೋಣೆಯಲ್ಲ. ಊರಿನ ನನ್ನ ತರಗತಿ, ಬಾಗಿಲ ಪಕ್ಕದ ಕೊನೆಯ ಬೆಂಚು. ಅಲ್ಲಿ ದಲಿತರ ಕಾಲೊನಿಯಿಂದ ಬರುತ್ತಿದ್ದ ನಾಲ್ಕು ಮಕ್ಕಳು ಕೂರುತ್ತಿದ್ದರು. ಅಲ್ಲಿ ಕೂರಿ ಎಂದು ನಾನು ಹೇಳಿದವಳಲ್ಲ. ಯಾರೂ ಹೇಳಿದವರಲ್ಲ. "ಅವರೇ ಹೋಗಿ ಕೂರ್ತಾರೆ," ಅನ್ನುತ್ತಿದ್ದೆವು ಸ್ಟಾಫ್‌ರೂಮಿನಲ್ಲಿ. ಬಿಸಿಯೂಟದ ಸಾಲಿನಲ್ಲೂ ಅವರೇ ಕೊನೆಗೆ ನಿಲ್ಲುತ್ತಿದ್ದರು. ಏಳು ವರ್ಷದಲ್ಲಿ ನಾನು ಒಂದು ದಿನ, ಒಂದೇ ಒಂದು ದಿನ, ಮುಂದೆ ಬನ್ನಿ ಎಂದು ಕರೆದವಳಲ್ಲ. ಗಣಿತವನ್ನು ಚೆನ್ನಾಗಿ ಕಲಿಸುತ್ತೇನೆ ಎಂಬ ಹೆಮ್ಮೆ ಮಾತ್ರ ಧಾರಾಳ ಇತ್ತು.

ಇದನ್ನೆಲ್ಲ ಫಾದುಮೊಗೆ ಹೇಳಿದೆ. ಯಾಕೆ ಹೇಳಿದೆನೋ, ಆ ಚಳಿಯಲ್ಲಿ ಬಾಯಿಂದ ಹೊರಬಂದ ಉಸಿರೆಲ್ಲ ಕಣ್ಣಿಗೆ ಕಾಣುತ್ತಿತ್ತು, ಬಚ್ಚಿಡಲು ಜಾಗ ಇರಲಿಲ್ಲ. ಸಮಾಧಾನ ಹೇಳುತ್ತಾಳೆ ಅಂದುಕೊಂಡಿದ್ದೆ.

ಅವಳು ಕೇಳಿದ್ದು ಒಂದೇ. "ಆ ನಾಲ್ವರ ಹೆಸರು ನೆನಪಿದೆಯಾ?"

ಎರಡು ಹೆಸರು ಮಾತ್ರ ನೆನಪಾಯಿತು. ಇನ್ನೆರಡು ಎಷ್ಟು ತಡಕಿದರೂ ಸಿಗಲಿಲ್ಲ. ಅವಳು ಸೀಟಿ ಊದಿ ಮಕ್ಕಳನ್ನು ಒಳಗೆ ಕರೆದಳು. ಮನೆಗೆ ನಡೆಯುವಾಗ ಗಟ್ಟಿಯಾಗಿ ತೀರ್ಮಾನಿಸಿದೆ: ಇನ್ನು ಅನುಕೂಲ ನೋಡಿ ಸುಮ್ಮನಿರುವುದು ಸಾಕು.

ತಕ್ಷಣ ಏನೂ ಆಗಲಿಲ್ಲ. ಫಾದುಮೊಗೆ ಅವಸರ ಇರಲಿಲ್ಲ. ಜನವರಿಯಲ್ಲಿ ಶಾಲೆಯ ಸ್ಕೇಟಿಂಗ್ ದಿನ ಬಂತು. ಪ್ರತಿ ವರ್ಷ ಆ ದಿನವೇ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಅದೂ ಅದೇ ಅದೇ ಮಕ್ಕಳಿಗೆ ಎಂಬುದನ್ನು ಅವಳು ಗಮನಿಸಿದ್ದಳು. ಮನೆಯಲ್ಲಿ ಸ್ಕೇಟ್ ಇಲ್ಲ ಎಂದು ಹೇಳುವುದಕ್ಕಿಂತ ಹೊಟ್ಟೆನೋವು ಎನ್ನುವುದು ಸುಲಭ. ಡಿಸೆಂಬರಿನಿಂದಲೇ ಅವಳು ಬೀದಿ ಬೀದಿಯಲ್ಲಿ ಕೇಳಿ, ಗ್ಯಾರೇಜುಗಳಲ್ಲಿ ಧೂಳು ಹಿಡಿದಿದ್ದ ಸ್ಕೇಟುಗಳನ್ನು ತಂದು ಪೇರಿಸಿದ್ದಳು. ಕೆಲಸದ ಬಟ್ಟೆಯಲ್ಲೇ ಬಂದ ರಮೇಶರು ಎರಡು ಸಂಜೆ ಕೂತು ಅವುಗಳ ಅಲಗು ಹರಿತ ಮಾಡಿದರು. ಉಕ್ಕು ಕಂಡರೆ ಅವರಿಗೆ ಸುಮ್ಮನಿರಲಾಗದು. ಆ ದಿನ ಬೆಳಿಗ್ಗೆ ಫಾದುಮೊ ಘೋಷಿಸಿದಳು: "ಇವತ್ತು ಎಲ್ಲರೂ ಶಾಲೆಯ ಸ್ಕೇಟ್ ಹಾಕ್ಕೊಳ್ಳೋದು. ಮನೆಯದ್ದು ಮೂಲೆಯಲ್ಲಿಡಿ." ಹೊಸ ದುಬಾರಿ ಸ್ಕೇಟ್ ತಂದಿದ್ದ ವಿಲ್ಲೆ ಸ್ವಲ್ಪ ಮುಖ ಊದಿಸಿದ. ಹತ್ತು ನಿಮಿಷದಲ್ಲಿ ಅವನೇ ರಹಫಳ ಎರಡೂ ಕೈ ಹಿಡಿದು ಹಿಂದಕ್ಕೆ ಜಾರುತ್ತಾ ಕಲಿಸುತ್ತಿದ್ದ. ಆ ವರ್ಷ ಯಾರಿಗೂ ಜ್ವರ ಬರಲಿಲ್ಲ. ನನಗೇ ಬರಬೇಕಿತ್ತು, ಮೂರು ಸಲ ಬಿದ್ದೆ.

ಫೆಬ್ರವರಿಯ ಒಂದು ಗುರುವಾರ ಸಿಬ್ಬಂದಿ ಸಭೆ. ಎಲ್ಲರ ಮುಂದೆ ಕಾಫಿ, ದಾಲ್ಚಿನ್ನಿ ಬನ್ನು. ಕೊನೆಯಲ್ಲಿ ರೆಕ್ಟರ್, "ಇನ್ನೇನಾದರೂ ಇದೆಯಾ?" ಎಂದು ಕೇಳಿ ಫೈಲು ಮುಚ್ಚುತ್ತಿದ್ದರು. ಫಾದುಮೊ ಕೈ ಎತ್ತಿದಳು.

ಇಲ್ಲಿ ಬ್ರಿಟ್ ಅವರ ಬಗ್ಗೆ ಹೇಳಬೇಕು. ಚಿಕ್ಕ ಕೋಣೆಯ ಟೀಚರ್ ಅವರೇ. ಅರವತ್ತು ದಾಟಿದ, ಬೆಳ್ಳಿ ಕೂದಲಿನ ಸಣ್ಣ ಹೆಂಗಸು. ಆ ಜೂನ್‌ಗೆ ನಿವೃತ್ತಿ. ಪಟ್ಟಿ ಮಾಡುತ್ತಿದ್ದವರೂ ಅವರೇ. ಕೆಟ್ಟವರಲ್ಲ. ಮಕ್ಕಳಿಗೆ ತಮ್ಮ ಮನೆಯಿಂದ ಪುಸ್ತಕ ತಂದು ಕೊಡುತ್ತಿದ್ದರು, ಯಾವ ಮಗು ನಾಷ್ಟಾ ಮಾಡದೆ ಬಂದಿದೆ ಎಂದು ಮುಖ ನೋಡಿ ಹೇಳುತ್ತಿದ್ದರು. ಸ್ವೀಡಿಶ್‌ನಲ್ಲಿ ರಾಜನೊಬ್ಬನನ್ನು ಬಿಟ್ಟರೆ ಎಲ್ಲರಿಗೂ ಎಲ್ಲರೂ "ನೀನು". ಆದರೂ ಅಂದು ಫಾದುಮೊ ಅವರಿಗೆ ಹೇಳಿದ್ದೆಲ್ಲ ನನ್ನ ನೆನಪಿನಲ್ಲಿ "ನೀವು" ಎಂದೇ ಉಳಿದಿದೆ. ಅವಳ ದನಿ ಹಾಗಿತ್ತು.

"ಚಿಕ್ಕ ಕೋಣೆಯ ಪಟ್ಟಿಯನ್ನು ಹೇಗೆ ಮಾಡ್ತೀವಿ?" ಎಂದು ಕೇಳಿದಳು. "ನನಗೆ ಕಾಣೋ ಹಾಗೆ ಹೆಸರು ನೋಡಿ ಮಾಡ್ತಿದ್ದೀವಿ."

ಬ್ರಿಟ್ ಅವರ ಕತ್ತು ಕೆಂಪಾಯಿತು. "ಆ ಮಕ್ಕಳಿಗೆ ನಾನು ಹೆಚ್ಚಿಗೆ ಕೊಡ್ತಿದ್ದೀನಿ, ಫಾದುಮೊ. ಕಡಿಮೆ ಅಲ್ಲ. ಮೂವತ್ತು ವರ್ಷದಿಂದ ಕೊಡ್ತಿದ್ದೀನಿ. ನಿನಗೂ ಕೊಟ್ಟಿದ್ದೀನಿ."

"ಹೌದು. ನನಗೂ ಕೊಟ್ಟಿದ್ದೀರಿ. ಮೂರು ವರ್ಷ ಆ ಕೋಣೆಯಲ್ಲಿ ಕೂತಿದ್ದೆ. ನೀವು ಪ್ರೀತಿಯಿಂದಲೇ ಕಲಿಸಿದಿರಿ, ಅದನ್ನ ಮರೆತಿಲ್ಲ," ಎಂದಳು ಫಾದುಮೊ. "ಆದ್ರೆ ನಾನು ಹುಟ್ಟಿದ್ದು ಯೆವ್ಲೆಯಲ್ಲಿ. ನನಗೆ ಸ್ವೀಡಿಶ್ ಬಿಟ್ಟು ಬೇರೆ ಭಾಷೆ ಓದೋಕೇ ಬರ್ತಿರಲಿಲ್ಲ. ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಒಂದು ಪುಸ್ತಕ ಓದಿ ನಗ್ತಿದ್ರು, ಗೋಡೆಯಾಚೆಯಿಂದ ಕೇಳಿಸ್ತಿತ್ತು. ಯಾಕೆ ನಗ್ತಿದ್ದಾರೆ ಅಂತ ನನಗೆ ಗೊತ್ತಾಗ್ತಿರಲಿಲ್ಲ. ಭಾಷೆ ಬಾರದೆ ಅಲ್ಲ, ಅಲ್ಲಿ ಇಲ್ಲದೆ."

ರೆಕ್ಟರ್ ಗೋಡೆಯ ಗಡಿಯಾರ ನೋಡಿದರು. ಇದೇ ಕ್ಷಣ, ಈಗ ಸುಮ್ಮನಿದ್ದರೆ ಈ ಮಾತು ಬನ್ನಿನ ಚೂರುಗಳ ಜತೆ ಗುಡಿಸಿಹೋಗುತ್ತದೆ ಅನ್ನಿಸಿತು. ಜೂನ್‌ವರೆಗಿನ ಒಪ್ಪಂದ ನೆನಪಾಯಿತು. ಎದ್ದು ನಿಂತೆ. ಅಲ್ಲಿ ಸಭೆಯಲ್ಲಿ ಎದ್ದು ನಿಂತು ಮಾತಾಡುವ ಪದ್ಧತಿಯೇ ಇಲ್ಲ, ನನಗೆ ಕೂತು ಧೈರ್ಯ ಬರುವುದಿಲ್ಲ.

"ಪಟ್ಟಿಯಲ್ಲಿರುವ ಮೇಘಾ ನನ್ನ ಮಗಳು," ಎಂದೆ ನನ್ನ ಅಡ್ಡಾದಿಡ್ಡಿ ಸ್ವೀಡಿಶ್‌ನಲ್ಲಿ. "ಎರಡನೇ ಭಾಷೆಯ ಪಾಠ ಬೇಕಿರೋದು ನನಗೆ, ನೀವೇ ಕೇಳಿಸ್ಕೊಳ್ತಿದ್ದೀರಿ. ಅವಳಿಗಲ್ಲ. ಅವಳ ಭಾಷೆಯನ್ನ ಯಾರೂ ಪರೀಕ್ಷೆ ಮಾಡಿಲ್ಲ. ನಾನೂ ಕೇಳಿಲ್ಲ, ಓದದೆ ಸಹಿ ಹಾಕಿದೆ. ನನ್ನ ತಪ್ಪು ನಾನು ಒಪ್ಕೊಳ್ತೀನಿ. ಶಾಲೆಯೂ ಒಮ್ಮೆ ನೋಡ್ಲಿ."

ಬ್ರಿಟ್ ಅವರು ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದರು. ಬಾಗಿಲನ್ನು ಬಡಿಯಲಿಲ್ಲ. ಬಡಿದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಫಾದುಮೊ ಕೈಗವಸು ಒಣಹಾಕುತ್ತಿದ್ದಾಗ ಅವರು ಕೋಟು ಸಹ ಕಳಚದೆ ನೇರ ಅವಳ ಬಳಿ ಬಂದರು. ನಾನು ಪಕ್ಕದಲ್ಲೇ ಇದ್ದೆ.

"ನಿನ್ನೆ ನಿನ್ನ ಮೇಲೆ ತುಂಬ ಸಿಟ್ಟು ಬಂದಿತ್ತು," ಎಂದರು. "ಬಸ್ಸು ಹತ್ತದೆ ಮನೆ ತನಕ ನಡೆದೆ. ನಡೀತಾ ಸಿಟ್ಟು ಆರಿತು, ನೀನು ಕೇಳಿದ್ದು ಮಾತ್ರ ಹಾಗೇ ಉಳೀತು. ಆ ವರ್ಷ ಅವರು ಓದ್ತಿದ್ದ ಪುಸ್ತಕ ಯಾವುದು ಅಂತ ನನಗೆ ಗೊತ್ತಿದೆ. ನಿನಗೆ ಯಾಕೆ ಕೊಡಲಿಲ್ಲ ಅಂತ ಮಾತ್ರ ಗೊತ್ತಿಲ್ಲ."

ಫಾದುಮೊ ಕೈಯಲ್ಲಿದ್ದ ಒದ್ದೆ ಕೈಗವಸನ್ನು ಹಿಂಡುತ್ತಲೇ ಇದ್ದಳು.

"ನಾಲ್ಕನೇ ತರಗತಿಯ ಎಲ್ಲರೂ ಬರೀಲಿ," ಎಂದರು ಬ್ರಿಟ್. "ಎಲ್ಲರೂ. ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸೋಣ. ನಾನೂ ಓದ್ತೀನಿ, ಮಕ್ಕಳ ಪರಿಚಯವೇ ಇಲ್ಲದ ಬೇರೆ ಶಾಲೆಯ ಟೀಚರೂ ಓದ್ಲಿ."

ರೆಕ್ಟರ್ ಒಪ್ಪಿದರು. ಮಾರ್ಚ್ ಮೊದಲ ವಾರ, ಛಾವಣಿಯಿಂದ ಹಿಮ ದೊಪ್ಪನೆ ಜಾರಿಬೀಳುತ್ತಿದ್ದ ದಿನಗಳಲ್ಲಿ, ಮಕ್ಕಳು ಒಂದು ಕಥೆ ಓದಿ ಉತ್ತರ ಬರೆದರು. "ನಾನು ಕಳೆದುಕೊಂಡ ಒಂದು ವಸ್ತು" ಎಂದು ಒಂದು ಪುಟವನ್ನೂ ಬರೆದರು. ಹೆಸರು ಮುಚ್ಚುವ ಕೆಲಸ ನನ್ನದು. ಅಂಟು ಹಚ್ಚುತ್ತಾ ಒಂದೊಂದೇ ಹೆಸರು ಬಿಳಿಯಾಗುವುದನ್ನು ನೋಡಿದೆ. ಮೇಘಾಳದ್ದು ಚೆನ್ನಾಗಿರದಿದ್ದರೆ? ತಾಯಿಯ ಕುರುಡು ಮಮತೆಯಲ್ಲಿ ಸಭೆಯಲ್ಲಿ ಎದ್ದು ನಿಂತುಬಿಟ್ಟೆನಾ?

ಒಂದು ವಾರದ ಮೇಲೆ ಆ ಕಾಗದಗಳನ್ನು ಬಿಡಿಸಿದೆವು. ಎರಡು ಕಡೆಯ ಟೀಚರುಗಳೂ ಹೇಳಿದ್ದು ಬಹುತೇಕ ಒಂದೇ. ಚಿಕ್ಕ ಕೋಣೆಯ ಒಂಬತ್ತು ಮಕ್ಕಳಲ್ಲಿ ಅದು ನಿಜವಾಗಿ ಬೇಕಿದ್ದದ್ದು ಮೂವರಿಗೆ, ರಹಫ್ ಅವರಲ್ಲಿ ಒಬ್ಬಳು. ಬ್ರಿಟ್ ಅವರು ಅತಿ ಚೆಲುವಾದ ಬರಹವೆಂದು ಮೇಲಿಟ್ಟಿದ್ದ ಪುಟ ಅರ್ದಿತನದ್ದು, ಕಳೆದುಹೋದ ತನ್ನ ಹಾಲುಹಲ್ಲಿನ ಬಗ್ಗೆ. ಮೇಘಾಳದ್ದು ಅದರ ಕೆಳಗೆಯೇ ಇತ್ತು. ಉಸಿರು ಬಿಟ್ಟೆ.

ಆದರೆ ಎಲ್ಲರೂ ಬಗ್ಗಿ ಮತ್ತೆ ಮತ್ತೆ ಓದಿದ್ದು ಕಟ್ಟಿನ ತಳದಲ್ಲಿದ್ದ ಕಾಗದ. ಅಕ್ಷರಗಳು ಹಿಂದುಮುಂದಾಗಿ, ಅರ್ಧಕ್ಕೇ ನಿಂತ ವಾಕ್ಯಗಳು. ಬಿಳಿ ಚೂರು ಕಿತ್ತರೆ ಎಲ್ಸಾ ಎಂದಿತ್ತು. ಊರಿನಲ್ಲೇ ತಲೆತಲಾಂತರದಿಂದ ಇರುವ ಮನೆಯ ಹುಡುಗಿ. ಅಚ್ಚುಕಟ್ಟು, ಮೌನಿ. ಅವಳಿಗೆ ಓದಲು ಕಷ್ಟವಿದೆ ಎಂದು ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಆ ಹೆಸರಿನ ಮಗುವಿಗೆ ಸ್ವೀಡಿಶ್ ಕಷ್ಟವಾಗಬಹುದೆಂದು ಯಾರೂ ಹುಡುಕಿರಲಿಲ್ಲ.

"ನೋಡಿ," ಎಂದರು ಬ್ರಿಟ್, ಕನ್ನಡಕ ತೆಗೆದು. "ಹೆಸರು ನೋಡಿ ಆರು ಮಕ್ಕಳನ್ನು ಒಳಗೆ ಕೂರಿಸಿದೆ. ಹೆಸರು ನೋಡಿಯೇ ಇವಳನ್ನು ಹೊರಗೆ ಬಿಟ್ಟೆ."

ಚಿಕ್ಕ ಕೋಣೆಗೆ ಹೊಸ ಗೊತ್ತುಪಾಡು ಬಂತು. ಯಾವ ಮಗುವಿಗೆ ಏನು ಬೇಕೋ ಅದಕ್ಕೆ ಮಾತ್ರ ಅಲ್ಲಿಗೆ. ಎಲ್ಸಾಳ ಕಷ್ಟ ಬೇರೆ ಬಗೆಯದ್ದು, ಅವಳಿಗಾಗಿ ವಾರಕ್ಕೆ ಮೂರು ದಿನ ಅದೇ ಕೋಣೆಗೆ ವಿಶೇಷ ಟೀಚರ್ ಬರುವುದೆಂದಾಯಿತು, ಮನೆಯವರ ಒಪ್ಪಿಗೆ ಮಾತ್ರ ಬೇಕಿತ್ತು. ಮೇಘಾ ತರಗತಿಗೆ ಮರಳಿದಳು. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಅತ್ತಳು.

"ನನ್ನ ಪಕ್ಕ ಕೂರ್ತಿದ್ದ ರಹಫ್ ಈಗ ಒಬ್ಬಳೇ ಆಗ್ತಾಳೆ. ನಿನ್ನಿಂದ ಆಗಿದ್ದು," ಎಂದಳು ಸ್ವೀಡಿಶ್‌ನಲ್ಲಿ.

ಅದನ್ನು ಹಾಗೇ ಫಾದುಮೊಗೆ ಹೇಳಿದೆ. ಅವಳು ಶುಕ್ರವಾರ ಶಾಲೆ ಬಿಟ್ಟ ಮೇಲೆ ಜೋಡಿ ಓದು ಎಂದು ಶುರುಮಾಡಿದಳು. ಇಬ್ಬಿಬ್ಬರು ಮಕ್ಕಳು, ಒಂದೇ ಪುಸ್ತಕ, ಒಂದೇ ಕಂಬಳಿ. ತರಗತಿ ಆ ವಾರ ಓದುವ ಪುಸ್ತಕವೇ. ರಹಫಳ ಜೋಡಿ ಯಾರೆಂದು ಹೇಳಬೇಕಿಲ್ಲ. ಸೋಮವಾರ ತರಗತಿ ನಗುವ ಹೊತ್ತಿಗೆ ರಹಫ್ ಆಗಲೇ ಒಮ್ಮೆ ನಕ್ಕಿರುತ್ತಿದ್ದಳು.

ಎಲ್ಲರಿಗೂ ಖುಷಿಯಾಗಲಿಲ್ಲ. ಎಲ್ಸಾಳ ಅಪ್ಪ ಮಾಟ್ಸ್ ಒಂದು ಮಧ್ಯಾಹ್ನ ಕಾರ್ಖಾನೆಯಿಂದ ನೇರ ಶಾಲೆಗೆ ಬಂದ. ದೊಡ್ಡ ಆಳು, ಕಾರಿಡಾರಿನಲ್ಲಿ ಫಾದುಮೊಳನ್ನು ತಡೆದು ನಿಲ್ಲಿಸಿದ.

"ನನ್ನ ಮಗಳನ್ನ ಆ ಕೋಣೆಗೆ ಕಳಿಸ್ತೀರಂತೆ?"

"ಯಾವ ಕೋಣೆ, ಮಾಟ್ಸ್?"

"ಗೊತ್ತಲ್ಲ. ಆ ಕೋಣೆ."

"ಅಲ್ಲಿ ಏನು ಸರಿಯಿಲ್ಲ ಹೇಳು," ಎಂದಳು ಫಾದುಮೊ, ದನಿ ಏರಿಸದೆ. "ಕಿಟಕಿ ಮುರಿದಿದೆಯಾ? ಚಳಿಯಾ? ಹೇಳು, ನಾಳೆಯೇ ಸರಿ ಮಾಡಿಸ್ತೀನಿ."

ಮನಸ್ಸಿನಲ್ಲಿದ್ದದ್ದನ್ನು ಅವಳ ಮುಖ ನೋಡಿ ಹೇಳಲು ಅವನಿಂದಾಗಲಿಲ್ಲ. ತಿರುಗಿ ಹೋದ. ಒಪ್ಪಿಗೆ ಕೊಡಲಿಲ್ಲ.

ಅವನಿಂದ ಒಪ್ಪಿಗೆ ತಂದದ್ದು ನನ್ನ ಗಂಡ, ಸುಮ್ನಿರು ಮಾರಾಯ್ತಿ ಅಂದವರು. ಇಬ್ಬರೂ ಒಂದೇ ಶೆಡ್ಡಿನಲ್ಲಿ ಕೆಲಸ. ಫೀಕಾ ಹೊತ್ತಿನಲ್ಲಿ, ಅಲ್ಲಿ ಕಾಫಿ ವಿರಾಮಕ್ಕೆ ಹಾಗನ್ನುತ್ತಾರೆ, ಮಾಟ್ಸ್ ಶಾಲೆಯನ್ನು ಬೈಯುತ್ತಿದ್ದನಂತೆ. ಆ ಸಂಜೆ ರಮೇಶರು ಆಲೂಗಡ್ಡೆ ಸುಲಿಯುತ್ತಾ ನನಗೆ ವರದಿ ಒಪ್ಪಿಸಿದರು.

"ನಾನಂದೆ, ನನ್ನ ಮಗಳು ಅರ್ಧ ವರ್ಷ ಆ ಕೋಣೆಲಿ ಕೂತಿದ್ಲು, ಬೇಡದಿದ್ರೂ. ನಿನ್ನ ಮಗಳಿಗೆ ಬೇಕು, ನೀನು ಬೇಡ ಅಂತೀಯ. ನಾನೊಬ್ಬ ಏನೂ ಕೇಳದ ದಡ್ಡ. ನೀನು ಕೇಳಿಸ್ಕೊಂಡೂ ದಡ್ಡ ಆಗ್ಬೇಡ."

"ದಡ್ಡ ಅಂದ್ರಾ ಅವನಿಗೆ?"

"ಮೊದಲು ನನಗೇ ಅಂದ್ಕೊಂಡೆ ಮಾರಾಯ್ತಿ. ಆಮೇಲೆ ಅವನಿಗೆ."

ಮರುವಾರ ಒಪ್ಪಿಗೆಯ ಕಾಗದ ಎಲ್ಸಾಳ ಚೀಲದಲ್ಲಿ ಬಂತು.

ಮೇ ತಿಂಗಳಲ್ಲಿ ಬರ್ಚ್ ಮರಗಳು ಒಂದೇ ವಾರದಲ್ಲಿ ಚಿಗುರಿದವು. ಆ ಶಾಲೆಯಲ್ಲಿ ಪಾಲಕರ ಸಂಘ ಪ್ರತಿ ವರ್ಷ ಒಬ್ಬ ಸಿಬ್ಬಂದಿಯನ್ನು ಗೌರವಿಸುತ್ತದೆ. ಹೂಗುಚ್ಛ ಕೊಟ್ಟು, ಯಾಕೆ ಆರಿಸಿದೆವು ಎಂಬ ಕಾಗದವನ್ನು ಎಲ್ಲರೆದುರು ಓದುತ್ತಾರೆ. ಅಷ್ಟು ವರ್ಷ ಹಾಡಿನ ಟೀಚರಿಗೆ, ಆಟದ ಟೀಚರಿಗೆ ಸಂದಿತ್ತು. ಮಕ್ಕಳನ್ನು ಸಮನಾಗಿ ನೋಡಿದ್ದಕ್ಕೆ ಎಂದು ಯಾರಿಗೂ ಸಂದಿರಲಿಲ್ಲ. ಅದು ಎಲ್ಲರೂ ಹೇಗೂ ಮಾಡುತ್ತೇವೆ ಎಂದು ಎಲ್ಲರೂ ಅಂದುಕೊಂಡಿದ್ದ ಕೆಲಸ. ನಾನು ಫಾದುಮೊಳ ಹೆಸರು ಸೂಚಿಸಿ ಬರೆಯಲು ಕೂತೆ. ಹೊಗಳಿಕೆ ಬೇಡ, ಅವಳು ಮಾಡಿದ್ದನ್ನು ಮಾತ್ರ ಬರೆಯುವುದು ಎಂದು ನಿಶ್ಚಯಿಸಿದೆ. ಬರೆದು ಮೇಘಾಗೆ ತೋರಿಸಿದೆ. ಅವಳು ಕೆಂಪು ಪೆನ್ನು ಹಿಡಿದು ಕೂತಳು.

"ಅಮ್ಮ, ಇಲ್ಲಿ ಕ್ರಿಯಾಪದ ಮೊದಲು ಬರ್ಬೇಕು. ಇಲ್ಲೂ. ಅಯ್ಯೋ, ಇಲ್ಲೂ."

ಎರಡನೇ ಭಾಷೆಯ ಪಟ್ಟಿಯಲ್ಲಿದ್ದ ಹುಡುಗಿ ನನ್ನ ಒಂದು ಪುಟದಲ್ಲಿ ಹನ್ನೆರಡು ತಪ್ಪು ತಿದ್ದಿದಳು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಫೇಲಾಗಿಲ್ಲ.

ವಿಷಯ ತಿಳಿದಾಗ ಫಾದುಮೊ ಕೋಪ ಮಾಡಿಕೊಂಡಳು. "ನನ್ನ ಹೆಸರೊಂದೇ ಯಾಕೆ? ಬ್ರಿಟ್ ತಮ್ಮ ಮೂವತ್ತು ವರ್ಷವನ್ನ ತಾವೇ ತಿದ್ದಿದ್ರಲ್ಲ? ನಾನು ಕೇಳಿದೆ ಅಷ್ಟೆ. ಕೇಳೋದಕ್ಕಿಂತ ಕೇಳಿಸ್ಕೊಳ್ಳೋದು ಕಷ್ಟ."

"ಕಾಗದದಲ್ಲಿ ಅದನ್ನೂ ಬರ್ದಿದ್ದೀನಿ," ಎಂದೆ. "ಹೂವು ಮಾತ್ರ ನೀನು ತಗೋ. ಕೇಳುವವರಿಗೆ ಒಮ್ಮೆಯಾದ್ರೂ ಹೂವು ಸಿಗ್ಬೇಕು."

ಜೂನಿನ ಶಾಲೆಯ ಕೊನೆಯ ದಿನ ಬಿಸಿಲು ಹಾಲು ಚೆಲ್ಲಿದ ಹಾಗಿತ್ತು. ಅಂಗಳದಲ್ಲಿ ಮಕ್ಕಳು ಬಿಳಿ ಬಟ್ಟೆ ಹಾಕಿ ಸಾಲಾಗಿ ನಿಂತು ಹಾಡಿದರು. ಕಾಗದ ಓದಲು ಸಂಘದವರು ಕರೆದದ್ದು ಬ್ರಿಟ್ ಅವರನ್ನು, ಅದು ಅವರ ಕೆಲಸದ ಕೊನೆಯ ದಿನ. ಕೈಗವಸು, ಸ್ಕೇಟು, ಬಿಳಿ ಚೂರುಗಳು, ಎಲ್ಲವನ್ನೂ ನಿಧಾನ ಓದಿದರು. "ಅವಳು ತನ್ನ ಹಳೆಯ ಟೀಚರಿಗೆ ಒಂದು ಪ್ರಶ್ನೆ ಕೇಳಿದಳು" ಎಂಬಲ್ಲಿ ಕಣ್ಣೆತ್ತಿ ಫಾದುಮೊಳನ್ನು ನೋಡಿದರು. ನಿಲ್ಲಿಸಲಿಲ್ಲ, ಮುಂದಿನ ಸಾಲನ್ನು ಇನ್ನೂ ಗಟ್ಟಿಯಾಗಿ ಓದಿದರು. ಹೂಗುಚ್ಛ ಕೊಟ್ಟು ತಬ್ಬಿಕೊಂಡಾಗ ಫಾದುಮೊಳ ಎತ್ತರದ ಮುಂದೆ ಅವರು ಮಗುವಿನ ಹಾಗೆ ಕಂಡರು.

ಫಾದುಮೊಳ ಮಾತು ಪುಟ್ಟದು. "ಈ ಕೆಲಸಕ್ಕೆ ಬಹುಮಾನ ಬೇಕಾಗದ ದಿನ ಬರ್ಲಿ. ಆಗ ಹೂವನ್ನ ಅಡುಗೆಮನೆಯವರಿಗೆ ಕೊಡಿ, ಅವರ ಪ್ಯಾನ್‌ಕೇಕಿಗೆ ಬರ್ಬೇಕಾದ್ದು ಬಾಕಿ ಇದೆ. ಇವತ್ತು ಮಾತ್ರ ನಾನು ತಗೊಳ್ತೀನಿ. ಖುಷಿಯಿಂದ ತಗೊಳ್ತೀನಿ." ಮಕ್ಕಳು ಪ್ಯಾನ್‌ಕೇಕ್ ಎಂಬುದಕ್ಕೇ ಹೆಚ್ಚು ಚಪ್ಪಾಳೆ ತಟ್ಟಿದರು.

ಆ ಬೆಳಿಗ್ಗೆಯೇ ರೆಕ್ಟರ್ ನನ್ನನ್ನು ಕರೆದು ಒಪ್ಪಂದ ಮುಂದುವರಿಸಿದ್ದರು. ಎರಡು ವರ್ಷದ ನಂತರ ಟೀಚರ್ ಪರವಾನಗಿ ಬಂತು, ರಮೇಶರಿಗೆ ದಕ್ಷಿಣದಲ್ಲಿ ಕೆಲಸ ಸಿಕ್ಕಿ ನಾವು ಮಾಲ್ಮೋಗೆ ಬಂದೆವು. ಈಗ ಇಲ್ಲಿ ಗಣಿತ ಕಲಿಸುತ್ತೇನೆ. ಯಾವ ಪಟ್ಟಿ ಕೈಗೆ ಬಂದರೂ, ಇದನ್ನು ಹೇಗೆ ಮಾಡಿದಿರಿ ಎಂದು ಮೊದಲು ಕೇಳುತ್ತೇನೆ. ನನಗೆ ಅದರ ಹೆದರಿಕೆ ಹೋಗಿದೆ.

ಆದರೆ ಆ ವರ್ಷ ಎಂದರೆ ನನಗೆ ನೆನಪಾಗುವುದು ಹೂಗುಚ್ಛವಲ್ಲ, ಚಪ್ಪಾಳೆಯಲ್ಲ. ಎಲ್ಲ ಮುಗಿದು ಜನ ಚದುರುತ್ತಿದ್ದಾಗ, ನಾನೂ ಫಾದುಮೊಳೂ ಬೆಂಚುಗಳನ್ನು ಒಳಗೆ ಸಾಗಿಸುತ್ತಿದ್ದೆವು. ಮಾಟ್ಸ್ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬೆಂಚಿನ ಇನ್ನೊಂದು ತುದಿ ಹಿಡಿದ. ಒಳಗೆ ಇಟ್ಟ ಮೇಲೂ ಹೋಗದೆ ನಿಂತ.

"ಇವತ್ತು ಬೆಳಿಗ್ಗೆ ನಾಷ್ಟಾ ಹೊತ್ತಿಗೆ ಎಲ್ಸಾ ಹಾಲಿನ ಪೊಟ್ಟಣದ ಹಿಂದೆ ಬರೆದಿದ್ದನ್ನ ಓದಿದ್ಲು," ಎಂದ. "ಗಟ್ಟಿಯಾಗಿ. ಪೂರ್ತಿ. ಓದು ಅಂತ ಯಾರೂ ಹೇಳಿರಲಿಲ್ಲ."

"ಹೌದಾ!" ಎಂದಳು ಫಾದುಮೊ. "ಏನು ಬರೆದಿತ್ತು?"

ಅವನು ಯೋಚಿಸಿದ. ತಲೆ ಅಲ್ಲಾಡಿಸಿದ.

"ಗೊತ್ತಿಲ್ಲ," ಎಂದ. "ನಾನು ಅವಳ ಮುಖ ನೋಡ್ತಿದ್ದೆ."